ಸೀಟು ಇಳಿಸಿದರೆ ಆಯ್ತು

ಯಾರೇನು ಕೇಳಿದರೂ, ಮಾತು ಮುಗಿಯುವ ಮೊದಲೇ "ಪರವಾಗಿಲ್ಲ" ಎನ್ನುವುದು ಇಂಚರಳ ಅಭ್ಯಾಸ. ಭಾನುವಾರ ಅವಳ ಮೊದಲ ಕೆಸರಿನ ಸೈಕಲ್ ರೇಸು. ಹಲಗೆ ಅಡ್ಡ ಬಂದಲ್ಲೆಲ್ಲ ಇಳಿದು, ಸೈಕಲ್ ಹೊತ್ತು ದಾಟಿ, ಮತ್ತೆ ಹತ್ತಬೇಕು. ಅದಕ್ಕೆ ಸೈಕಲ್ ಕೊಳ್ಳಲು ಹೋದ ಅಂಗಡಿಯಲ್ಲಿ ಇದ್ದದ್ದು ದೊಡ್ಡ ಫ್ರೇಮಿನದು ಒಂದೇ. ಅವಳ ಅಳತೆಯದು ಬರಲು ಎರಡು ವಾರ.

"ಸ್ವಲ್ಪ ದೊಡ್ಡದು ಮೇಡಂ, ಸೀಟು ಇಳಿಸಿದರೆ ಆಯ್ತು," ಎಂದು ಅಂಗಡಿಯವನು ಸೀಟನ್ನು ತಳಕ್ಕೆ ಇಳಿಸಿದ.

"ಪರವಾಗಿಲ್ಲ," ಎಂದಳು ಇಂಚರ. ಸೀಟಿನಿಂದ ಹ್ಯಾಂಡಲ್‌ವರೆಗಿನ ಅಡ್ಡಕೊಳವೆಯ ಆಚೀಚೆ ಕಾಲಿಟ್ಟು ಅವಳು ತುದಿಗಾಲಲ್ಲಿ ನಿಂತಿದ್ದಳು.

ಸೀಟು ಬೀಗಿತು. "ನೋಡಿದೆಯಾ ಕೊಳವೆಯಣ್ಣ? ನಾನು ಅಡ್ಜಸ್ಟ್ ಮಾಡಿಕೊಂಡೆ, ಎಲ್ಲ ಸರಿಹೋಯ್ತು. ನೀನೂ ಕಲಿ."

"ನನ್ನನ್ನು ಬೆಸೆದು ಕೂರಿಸಿದ್ದಾರೆ, ನಾನು ಇಳಿಯಲಾರೆ," ಎಂದಿತು ಕೊಳವೆ. "ಕೂತಾಗ ನೀನು ಸಿಗುತ್ತೀಯ. ಕೆಸರಲ್ಲಿ ಕಾಲು ಜಾರಿದಾಗ ಈ ಅಮ್ಮ ಬೀಳುವುದು ನನ್ನ ಮೇಲೆ."

"ಅವರೇ ಪರವಾಗಿಲ್ಲ ಅಂದರಲ್ಲ! ನಿನಗೇನು ಕಷ್ಟ?"

ಕೊಳವೆ ಸೀಟಿನ ಜೊತೆ ವಾದಿಸಲಿಲ್ಲ. ಇಂಚರಳನ್ನೇ ಕೇಳಿಕೊಂಡಿತು: "ಅಮ್ಮಾ, ದುಡ್ಡು ಕೊಡುವ ಮೊದಲು ಒಂದೇ ಒಂದು ಸಲ ಹಿಮ್ಮಡಿ ನೆಲಕ್ಕೆ ಊರಿ ನಿಂತು ನೋಡಿ."