ಎಲೆ ಎತ್ತದ ಛತ್ರ

ಹಳೆಯ ಕುದುರೆ ದಾರಿ ಕೆರೆಯ ಏರಿಯನ್ನು ದಾಟಿ ಇಳಿಯುವಲ್ಲಿ ಕಲ್ಲುಕಂಬಗಳ ಒಂದು ಛತ್ರವಿದೆ. ಈಗ ಅಲ್ಲಿ ಪೇಟೆಯವರು ಬಂದು ಎರಡು ದಿನ ತಂಗಿ ಹೋಗುತ್ತಾರೆ. ಕೋಣೆಗಳಿಗೆ ಗೀಜರ್ ಬಂದಿದೆ, ಹಿತ್ತಲ ತೋಟದಲ್ಲಿ ಸಂಪಿಗೆ, ಕನಕಾಂಬರ, ದವನಗಳು ಹಿಂದಿನಂತೆಯೇ ಇವೆ. ಬೆಳಿಗ್ಗೆ ತೋಟದ ಜಗುಲಿಯಲ್ಲಿ ಬಾಳೆಲೆ ಹಾಕಿ ಬಿಸಿ ಇಡ್ಲಿ ಬಡಿಸುತ್ತಾರೆ. ಬಡಿಸುವವರ ಉಪಚಾರಕ್ಕೆ ಕೊರತೆಯಿಲ್ಲ. ಆದರೆ ತಿಂದಾದ ಎಲೆಯನ್ನು ಅವರು ಮುಟ್ಟುವುದಿಲ್ಲ, ಉಂಡವರೇ ಎತ್ತಬೇಕು. ಇದೇನು ಜಂಭವೆಂದು ಮುಖ ಸಿಂಡರಿಸುವ ಅತಿಥಿಗಳೂ ಉಂಟು. ಪಾಪ, ಅವರಿಗೆ ಕಥೆ ಗೊತ್ತಿಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲಿ, ಈ ಛತ್ರವನ್ನು ಹಂಪಕ್ಕ ಎಂಬ ಮುದುಕಿ ನೋಡಿಕೊಳ್ಳುತ್ತಿದ್ದಳಂತೆ. ಇಲ್ಲಿ ತಂಗಿದವರನ್ನು ಅವರ ಬೆಳಗಿನ ಊಟ ಮುಗಿಯುವ ತನಕ ಯಾರೂ ಮುಟ್ಟಬಾರದೆಂದು ಪಾಳೆಯಗಾರನ ಅಜ್ಜನೇ ಆಣೆಯಿಟ್ಟಿದ್ದ. ಎಲೆ ಎತ್ತಿದರೆ ಊಟ ಮುಗಿದಂತೆ. ಒಂದು ಸಂಜೆ ಚಿನ್ನಾಜಿ ಎಂಬ ಹುಡುಗಿ ಕೈಯಲ್ಲಿ ಮದುವೆಯ ಕಂಕಣವಿದ್ದಂತೆಯೇ ಓಡಿ ಬಂದಳು. ಪಾಳೆಯಗಾರ ಬಲವಂತದಿಂದ ಅವಳನ್ನು ತನ್ನ ಜೊತೆ ಹಸೆಗೆ ಕೂರಿಸಹೊರಟಿದ್ದ. ಹೊಳೆಯಾಚೆಯಿದ್ದ ಅವಳ ಅಣ್ಣನಿಗೆ ಸುದ್ದಿ ಹೋಗಿತ್ತು, ಅವನು ಜನ ಕಟ್ಟಿಕೊಂಡು ಬರಲು ಮೂರು ದಿನ ಬೇಕಿತ್ತು. ಬೆಳಗಾಗುವಷ್ಟರಲ್ಲಿ ಪಾಳೆಯಗಾರನ ನಾಲ್ವರು ರಾವುತರು ಸಂಪಿಗೆಯ ಮರಕ್ಕೆ ಕುದುರೆ ಕಟ್ಟಿ ನೆರಳಲ್ಲಿ ಕುಳಿತಿದ್ದರು.

"ನಮಗೇನೂ ಅವಸರ ಇಲ್ಲ ಕಣಜ್ಜಿ, ನಿಧಾನಕ್ಕೆ ಉಣ್ಲಿ," ಎಂದ ಅವರ ಹಿರಿಯ.

"ನೀನು ಏಳಬ್ಯಾಡ ಮಗಾ," ಎಂದಳು ಹಂಪಕ್ಕ, ಚಿನ್ನಾಜಿಗೆ ಎಲೆ ಹಾಕುತ್ತ. "ನಾನು ಬಡಿಸ್ತಾನೇ ಇರ್ತೀನಿ."

ಹಾಗೆ ಶುರುವಾದ ಊಟ ಎರಡು ದಿನ ನಡೆಯಿತು ಎನ್ನುತ್ತಾರೆ. ಚಿನ್ನಾಜಿ ಕುಳಿತಲ್ಲೇ ತೂಕಡಿಸಿ, ಎಚ್ಚರವಾದಾಗ ಒಂದು ತುತ್ತು ತಿನ್ನುವಳು. ಹಂಪಕ್ಕ ಎಲೆ ಬಾಡದಂತೆ ನೀರು ಚಿಮುಕಿಸುವಳು. ಮುದುಕಿಗೆ ಆ ಹುಡುಗಿಯ ಮೇಲೆ ಹೆತ್ತ ಮಗಳ ಮೇಲಿನಷ್ಟು ಅಕ್ಕರೆ ಹುಟ್ಟಿತ್ತು, ರಾವುತರ ತಾಳ್ಮೆ ಕಂಡು ಭಯವೂ ಹುಟ್ಟಿತ್ತು. ಅವರು ಬಯ್ಯಲಿಲ್ಲ, ಹೆದರಿಸಲಿಲ್ಲ. ಅವರ ಕಣ್ಣು ಎಲೆಯ ಮೇಲೆಯೇ ಇತ್ತು. ಮೂರನೆಯ ಬೆಳಿಗ್ಗೆ ಎಲೆ ಕಪ್ಪಿಟ್ಟು ಸುರುಟಿಕೊಂಡಿತು. ಹುಡುಗಿ ಜಗುಲಿಯ ಕೊನೆಯ ಕಂಬಕ್ಕೊರಗಿ ಕಣ್ಣು ಮುಚ್ಚಿದ್ದಳು. ನಿದ್ದೆಗೆಟ್ಟ ಹಂಪಕ್ಕ ಅತ್ತ ಹಾದು ಹೋದಳು. ಒಣಗಿದ ಎಲೆ ಕಂಡರೆ ಬಾಗುವುದು ನಲವತ್ತು ವರ್ಷ ಛತ್ರ ನಡೆಸಿದ ಮೈಯ ಚಾಳಿ. ಅವಳು ಬಾಗಿದಳು, ಎಲೆ ಮಡಚಿದಳು, ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದಳು. ಹಿಂದೆ ನಾಲ್ವರೂ ಒಟ್ಟಿಗೆ ಎದ್ದು ನಿಂತ ಸದ್ದಾಯಿತು.

ಅಣ್ಣ ಬಂದದ್ದು ಅದೇ ದಿನ, ಬಿಸಿಲು ನೆತ್ತಿಗೇರಿದಾಗ. "ನನ್ನ ತಂಗಿ ಉಣ್ತಾ ಅವಳಾ, ಅಜ್ಜಿ?" ಎಂದು ಕೇಳಿದನಂತೆ. ಹಂಪಕ್ಕ ತನ್ನ ಬಲಗೈಯನ್ನೇ ನೋಡುತ್ತ ನಿಂತಿದ್ದಳು. ಚಿನ್ನಾಜಿ ಏನಾದಳೋ ಯಾರೂ ಬಂದು ಹೇಳಲಿಲ್ಲ. ಅಂದಿನಿಂದ ಸಾಯುವ ತನಕ ಮುದುಕಿ ಆ ಕೈಯನ್ನು ಬಟ್ಟೆಯಲ್ಲಿ ಬಿಗಿದೇ ಇಟ್ಟಿದ್ದಳು ಎನ್ನುತ್ತಾರೆ.

ಇಂದು ಹೋದವರಿಗೂ ಸಂಪಿಗೆಯ ಬುಡದಲ್ಲಿ ನಾಲ್ಕು ಬೋಳು ಜಾಗಗಳು ಕಾಣುತ್ತವೆ. ಎಷ್ಟು ನೀರು ಹಾಯಿಸಿದರೂ ಅಲ್ಲಿ ಹುಲ್ಲು ಹುಟ್ಟುವುದಿಲ್ಲವೆಂದು ಮಾಲಿ ಹೇಳುತ್ತಾನೆ. ಜಗುಲಿಯ ಕೊನೆಯ ಕಂಬದ ಬಳಿ ದಿನವೂ ಒಂದು ಎಲೆ ಹಾಕಿ ಬಡಿಸುತ್ತಾರೆ. ಅದು ಕಪ್ಪಿಟ್ಟು ಸುರುಟಿಕೊಂಡರೂ ಯಾರೂ ಕೈ ಹಾಕುವುದಿಲ್ಲ, ಅಲ್ಲಿ ಕುಳಿತವಳ ಊಟ ಇನ್ನೂ ಮುಗಿದಿಲ್ಲ.