ವಿಭೂತಿ ಹಚ್ಚಿಕೊಂಡ ಮಿಲ್ಟ್ರಿ ಗಾಡಿ

ಹೊಳೆಯ ದಂಡೆಯಲ್ಲೊಂದು ಬಡ ಮಠ. ದೊಡ್ಡ ಮಠಗಳಿಗೆ ಆನೆ ಇರುತ್ತದೆ. ಈ ಮಠಕ್ಕೆ ಇದ್ದದ್ದು ಒಂದು ಹಳೆಯ ಮಿಲ್ಟ್ರಿ ಗಾಡಿ. ಡೀಸೆಲ್ ಕುಡಿಯುವುದರಲ್ಲಿ ಅದು ಆನೆಗಿಂತೇನೂ ಕಡಿಮೆಯಿರಲಿಲ್ಲ, ಹೊಳೆ ದಾಟುವುದರಲ್ಲೂ ಅಷ್ಟೇ.

ಮಠದ ಅಡವಯ್ಯಜ್ಜ ಕಾವಿ ಉಡುವ ಮೊದಲು ಸೈನ್ಯದಲ್ಲಿ ಲಾರಿ ರಿಪೇರಿ ಮಾಡಿಕೊಂಡಿದ್ದವರು. ಹರಾಜಿನಲ್ಲಿ ಯಾರಿಗೂ ಬೇಡವಾಗಿ ತುಕ್ಕು ಹಿಡಿದು ನಿಂತಿದ್ದ ಆ ಗಾಡಿಯನ್ನು ಎಳೆಸಿಕೊಂಡು ಬಂದು, ಶಿಷ್ಯ ಮುರಿಗೆಪ್ಪನನ್ನು ಜೊತೆಗೆ ಹಾಕಿಕೊಂಡು ಪೂರಾ ಬಿಚ್ಚಿ ಮತ್ತೆ ಕಟ್ಟಿದರು. ನೀರಿಗಿಳಿದಾಗ ಇಂಜಿನ್ನಿಗೆ ನೀರು ಹೋಗಬಾರದೆಂದು ಹೊಗೆಯ ಕೊಳವೆಯನ್ನೂ ಗಾಳಿಯ ಕೊಳವೆಯನ್ನೂ ತಲೆಗಿಂತ ಎತ್ತರಕ್ಕೆ ಏರಿಸಿದರು. ಹೊಳೆಯ ನಡುಗಡ್ಡೆಯಲ್ಲಿ ಒಂದು ಸಣ್ಣ ಕೇರಿ ಇತ್ತು. ಅಲ್ಲಿಯವರಿಗೆ ಸೇತುವೆ ಇರಲಿಲ್ಲ, ಈ ಗಾಡಿಯೇ ಗತಿ.

ಇಂಜಿನ್ ಬಿಚ್ಚಿದ ದಿನ ಮುರಿಗೆಪ್ಪ ಎಲ್ಲ ಕಡೆ ಹುಡುಕಿ ಕೇಳಿದ್ದ.

"ಅಜ್ಜಾರ, ಇದರಾಗ ಬೆಂಕಿ ಹಚ್ಚೂದು ಯಾವುದ್ರಿ? ಕಿಡಿ ಎಲ್ಲೈತಿ?"

"ಡೀಸೆಲ್ ಇಂಜಿನ್ನಿಗೆ ಕಿಡಿ ಇರೂದಿಲ್ಲ. ಗಾಳೀನ ಹಿಡದು ಒತ್ತತೈತಿ. ಒತ್ತಿದ ಗಾಳಿ ಕಾಯತೈತಿ. ಅದಕ್ಕ ಎಣ್ಣಿ ಚಿಮ್ಮಿತಂದ್ರ ತಾನ ಹತ್ತತೈತಿ."

"ಬರೇ ಗಾಳಿಯಿಂದ?"

"ಬರೇ ಗಾಳಿ ಅಂತೀಯಲ್ಲೋ!" ಎಂದು ಅಜ್ಜ ನಕ್ಕಿದ್ದರು.

ಮುರಿಗೆಪ್ಪನಿಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ. ಕಣ್ಣಿಗೆ ಕಾಣದ್ದನ್ನು ಹಿಡಿದು ಬೆಂಕಿ ಮಾಡುವುದೆಂದರೆ ಅದು ಬರೀ ಗಾಡಿಯಲ್ಲ ಎನ್ನಿಸಿತು. ಆಮೇಲೆ ಅವನು ಕೈಮುಗಿಯದೆ ಅದನ್ನು ಚಾಲೂ ಮಾಡಿದ್ದೇ ಇಲ್ಲ. ಮಠಕ್ಕೆ ಬಂದವರು ಅಜ್ಜನ ಪಾದ ಮುಟ್ಟಿದರೆ ಮುರಿಗೆಪ್ಪ ಗಾಡಿಯ ಗಾಲಿ ಮುಟ್ಟುತ್ತಾನೆ ಎಂದು ಊರವರು ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ ಬಿಡಿ, ಅವನ ಭಕ್ತಿ ಖರೇದು.

ದಸರೆಯ ಖಂಡೇಪೂಜೆ ಬಂತು, ಆಯುಧ ಗಾಡಿಗಳಿಗೆಲ್ಲ ಪೂಜೆಯ ದಿನ. ಮುರಿಗೆಪ್ಪ ವಿಭೂತಿಯ ಗಟ್ಟಿಗಳನ್ನು ನೀರಲ್ಲಿ ಕಲಸಿ ಇಡೀ ಗಾಡಿಗೆ ಬಳಿದ. ಗಾಲಿಗೆ, ದೀಪಕ್ಕೆ, ಡೀಸೆಲ್ ಟಾಕಿಗೆ, ಅದರ ಮುಚ್ಚಳಕ್ಕೆ, ಎಲ್ಲೆಲ್ಲೂ ದಪ್ಪನೆಯ ಮೂರು ಮೂರು ಪಟ್ಟೆ. ಅಜ್ಜ ದೂರದಿಂದ ನೋಡಿದರು.

"ನನಗಿಂತ ಇದು ಪಕ್ಕಾ ಸ್ವಾಮಿ ಆತಲ್ಲೋ," ಎಂದು ನಗುತ್ತ ಒಳಗೆ ಹೋದರು.

ಮರುದಿನ ಡಂಗುರ ಬಂತು. ಮೇಲಿನ ಆಣೆಕಟ್ಟಿನ ಬಾಗಿಲು ತೆಗೆದಿದ್ದಾರೆ, ಸಂಜೆಯೊಳಗೆ ನಡುಗಡ್ಡೆ ಮುಳುಗುತ್ತದೆ, ಎಲ್ಲರೂ ಖಾಲಿ ಮಾಡಬೇಕು.

ಗಾಡಿ ಬೆಳಗಿನಿಂದ ಹೊಳೆಯಲ್ಲೇ ಓಡಾಡಿತು. ಜನ, ಜೋಳದ ಚೀಲ, ಆಡು, ಕೋಳಿ ಎಲ್ಲ ದಂಡೆಗೆ ಬಂದವು. ಕೊನೆಯ ಸರತಿಗೆ ಉಳಿದವರು ಹಣ್ಣು ಹಣ್ಣು ಮುದುಕರು ಮತ್ತು ಬಾಣಂತಿ ನಿಂಗವ್ವ, ಅವಳ ಮಡಿಲಲ್ಲಿ ಹಸುಗೂಸು. ಮುರಿಗೆಪ್ಪ ಗಾಡಿ ನಡೆಸುತ್ತಿದ್ದ. ಪಕ್ಕದಲ್ಲಿ ಅಜ್ಜ ಕೂತಿದ್ದರು.

ನಟ್ಟನಡು ಹೊಳೆಯಲ್ಲಿ ಇಂಜಿನ್ ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ನಿಂತೇ ಹೋಯಿತು.

ಗಾಡಿಯ ಸದ್ದಡಗಿದ ಮೇಲೆ ಹೊಳೆಯ ಸದ್ದು ಕೇಳಿಸಿತು. ಬೆಳಗ್ಗೆ ಗಾಲಿಯ ಅರ್ಧಕ್ಕಿದ್ದ ನೀರು ಈಗ ಗಾಲಿಯನ್ನೇ ನುಂಗಿತ್ತು.

ಮುರಿಗೆಪ್ಪ ಸೊಂಟದ ನೀರಿಗೆ ಧುಮುಕಿ, ಎಣ್ಣೆಯ ದಾರಿಯ ತಿರುಪು ಸಡಿಲಿಸಿ, ಕೈಪಂಪು ಒತ್ತಿದ. ಹನಿ ಹನಿ ಬಂದು ನಿಂತಿತು. ಮತ್ತೆ ಒತ್ತಿದ. ಅಷ್ಟೇ.

"ಗಾಳಿ ಹಿಡದೈತ್ರಿ ಅಜ್ಜಾರ!" ಎಂದು ಕೂಗಿದ. ಎಣ್ಣೆಯ ಕೊಳವೆಯೊಳಗೆ ಗಾಳಿ ಸೇರಿಕೊಂಡರೆ ಡೀಸೆಲ್ ಗಾಡಿ ನಿಲ್ಲುತ್ತದೆ. ಗಾಡಿಯವರ ಮಾತು ಅದು.

ಮೇಲೆ ಕೂತ ಮುದುಕರು ಕೇಳಿಸಿಕೊಂಡದ್ದು ಬೇರೆ.

"ಗಾಳಿ ಹಿಡದೈತಂತ! ಹೊಳ್ಯಾಗಿನ ದೆವ್ವನ ಇರಬೇಕು. ಲಿಂಬಿಹಣ್ಣು ಇಳಿಸಿ ಒಗೀರಪಾ!"

ಮುರಿಗೆಪ್ಪ ಹತ್ತಿ ಗಾಡಿ ಚಾಲೂ ಮಾಡಿ ನೋಡಿದ. ಇಂಜಿನ್ ನಾಲ್ಕು ಸಲ ಬಡಿದು ಸತ್ತಿತು. ಬ್ಯಾಟರಿ ಸೋಲುತ್ತಿತ್ತು. ಕೂಸು ಅಳತೊಡಗಿತು. ನಿನ್ನೆಯಷ್ಟೇ ಪೂಜೆ ಮಾಡಿಸಿಕೊಂಡು ಇವತ್ತು ಹೀಗೆ ಕೈಬಿಡಬಹುದೇ ಎಂದು ಅವನಿಗೆ ಗಾಡಿಯ ಮೇಲೆ ಸಿಟ್ಟು ಬಂತು.

"ಇಷ್ಟೂ ಮಂದಿ ನನ್ನ ಕೈಯಾಗ ಹೋಗ್ತಾರ ಅಜ್ಜಾರ," ಎಂದು ಅತ್ತೇಬಿಟ್ಟ.

ಅಜ್ಜ ಕಾವಿಯನ್ನು ಮೇಲೆ ಕಟ್ಟಿಕೊಂಡು ನೀರಿಗಿಳಿದರು. ಟಾಕಿಯ ಮೇಲೆ ಕೈಯಾಡಿಸಿದರು. ಕೈ ಮುಚ್ಚಳದ ಮೇಲೆ ಬಂದು ನಿಂತಿತು.

"ಮುರಿಗೆಪ್ಪಾ, ಇದರಾಗ ಒಂದು ಸಣ್ಣ ತೂತಿತ್ತು. ಎಲ್ಲಿ ಹೋತು?"

ಮುರಿಗೆಪ್ಪ ನೋಡಿದ. ಮುಚ್ಚಳ ಬೆಳ್ಳಗಿತ್ತು. ವಿಭೂತಿ ಒಣಗಿ ಗಾರೆಯಂತೆ ಗಟ್ಟಿಯಾಗಿತ್ತು. ಅವನೇ ಬಳಿದದ್ದು. ಒಮ್ಮೆಲೇ ಎಲ್ಲ ಹೊಳೆದು ಅವನು ಮುಚ್ಚಳ ತೆಗೆಯಲು ಹೋದ.

"ತೆಗೀಬ್ಯಾಡ! ತೆರಿ ಬಡೀತಾವ. ಹೊಳಿ ಒಳಗ ಹೊಕ್ಕರ ಕಥಿ ಮುಗೀತು." ಅಜ್ಜ ತಲೆಯೆತ್ತಿದರು. "ಪಿನ್ನ ಐತೇನ ಯವ್ವಾ ನಿಂಗವ್ವಾ?"

ನಿಂಗವ್ವ ಒಂದು ಕೈಯಲ್ಲಿ ಕೂಸನ್ನು ಅವುಚಿಕೊಂಡು, ಬಳೆಗೆ ಸಿಕ್ಕಿಸಿದ್ದ ಪಿನ್ನನ್ನು ಹಲ್ಲಿನಿಂದ ಬಿಡಿಸಿ ಕೊಟ್ಟಳು. ಅಜ್ಜ ಅದನ್ನು ಮುರಿಗೆಪ್ಪನ ಕೈಗಿಟ್ಟರು.

"ನೀನ ಚುಚ್ಚು."

ಅವನು ತೂತಿದ್ದ ಜಾಗ ತಡಕಿ ಪಿನ್ನು ಒತ್ತಿದ. ಮೊದಲು ಜಾರಿತು. ಆಮೇಲೆ ಪಿನ್ನು ಒಳಗೆ ಇಳಿಯಿತು.

ಸುಂಯ್...

ಟಾಕಿ ಉಸಿರೆಳೆದುಕೊಂಡಿತು. ಎಷ್ಟೋ ಹೊತ್ತು ನೀರೊಳಗಿದ್ದವನು ಮೇಲೆದ್ದು ಎಳೆದುಕೊಳ್ಳುವ ಹಾಗೆ ಉದ್ದಕ್ಕೆ ಎಳೆದುಕೊಂಡಿತು. ತಗಡು ಒಳಗೊಳಗೇ ಟಣಕ್ ಎಂದು ಹಿಗ್ಗಿತು. ಮುರಿಗೆಪ್ಪನ ಮೈಮೇಲೆ ಮುಳ್ಳೆದ್ದವು. ನೀರು ಎದೆಗೆ ಬರುತ್ತಿದೆ ಎಂಬುದನ್ನೂ ಮರೆತು ಅವನು ಆ ಕೂದಲೆಳೆಯಷ್ಟು ತೂತನ್ನು ನೋಡುತ್ತ ನಿಂತ.

"ಗಾಳಿ ಹಿಡದಿದ್ದಿಲ್ಲ ತಮ್ಮಾ," ಎಂದರು ಅಜ್ಜ. "ಗಾಳಿಗೆ ದಾರಿ ಇದ್ದಿಲ್ಲ. ಒಂದು ಹನಿ ಎಣ್ಣಿ ಹೊರಗ ಬರಬೇಕಂದ್ರ ಅಷ್ಟು ಗಾಳಿ ಒಳಗ ಹೋಗಬೇಕು. ಈಗ ಪಂಪ್ ಒತ್ತು."

ಒತ್ತಿದ. ಎಣ್ಣೆ ಧಾರೆಯಾಗಿ ಬಂತು. ತಿರುಪು ಬಿಗಿದು ಮೇಲೆ ಹತ್ತಿದ. ಬ್ಯಾಟರಿಯಲ್ಲಿ ಉಳಿದದ್ದು ಒಂದು ಸಲಕ್ಕೆ ಸಾಕಾದೀತೋ ಇಲ್ಲವೋ. ಇಂಜಿನ್ ನರಳಿತು, ತಡವರಿಸಿತು, ಕೊನೆಗೆ ಗುಡುಗಿ ಎದ್ದಿತು. ಕಪ್ಪು ಹೊಗೆ ತಲೆಯ ಮೇಲಿನ ಕೊಳವೆಯಿಂದ ಆಕಾಶಕ್ಕೆ ಹೋಯಿತು.

ಗಾಡಿ ದಂಡೆ ಹತ್ತಿ ನಿಂತಾಗ ಹಿಂದೆ ಹೊಳೆ ಕೆಂಪಗೆ ಉಕ್ಕಿ ಬಂತು. ತಾವು ನಿಂತಿದ್ದ ಜಾಗ ಎಲ್ಲಿ ಎಂದು ಯಾರಿಗೂ ತೋರಿಸಲು ಆಗಲಿಲ್ಲ. ಮುದುಕರನ್ನು ಒಬ್ಬೊಬ್ಬರನ್ನಾಗಿ ಇಳಿಸಿಕೊಂಡರು. ನಿಂಗವ್ವ ಅಲ್ಲೇ ಮರದ ಕೆಳಗೆ ಕೂತು ಕೂಸಿಗೆ ಹಾಲು ಕೊಟ್ಟಳು.

ಎಲ್ಲರೂ ಹೋದ ಮೇಲೆ ಮುರಿಗೆಪ್ಪ ಅಜ್ಜನ ಕಾಲಿಗೆ ಬಿದ್ದ.

"ನಾ ಭಕ್ತಿಯಿಂದನ ಬಳದೇನ್ರಿ ಅಜ್ಜಾರ. ಆ ಭಕ್ತಿನ ಇಷ್ಟು ಮಂದೀನ ಮುಳಗಸ್ತಿತ್ತು. ಇನ್ನ ಮ್ಯಾಲ ಪೂಜಿ ಬಿಟ್ಟುಬಿಡಲೇನ್ರಿ?"

ಅಜ್ಜ ಅವನನ್ನು ಎಬ್ಬಿಸಿದರು. ತಮ್ಮ ಜೋಳಿಗೆಯಿಂದ ವಿಭೂತಿಯ ಗಟ್ಟಿ ತೆಗೆದು ಅವನ ಒದ್ದೆ ಅಂಗೈಯಲ್ಲಿ ಇಟ್ಟರು.

"ಬಿಡಬ್ಯಾಡೋ, ಮಾಡು. ಉಸಿರಾಡಾಕ ಒಂದು ತೂತ ಬಿಟ್ಟು ಮಾಡು."