ಹಿಂದಿನ ಚಕ್ರದ ಹಲ್ಲು

ಈ ಕಥೆ ಹೇಳುವವರೆಲ್ಲ ಕಣ್ಣು ಅರೆಮುಚ್ಚಿಕೊಂಡು ತಣ್ಣಗೆ ಹೇಳುತ್ತಾರೆ. ನನ್ನ ಕೈಲಿ ಅದು ಆಗುವುದಿಲ್ಲ. ಇದರಲ್ಲಿ ಅಡುಗೆಯವನೊಬ್ಬನ ಎರಡು ಬೆರಳು ಹೋಗಿವೆ.

ಭೀಮಾ ಹೊಳೆಯ ದಂಡೆಯಲ್ಲಿ ಅಡಿವೆಯ್ಯ ಎಂಬ ಗುರುವಿನ ಆಶ್ರಮವಿತ್ತು. ಆಶ್ರಮವೆಂದರೆ ಎರಡು ತಗಡಿನ ಕೋಣೆ, ಒಂದು ಬೇವಿನ ಮರ, ಒಂದು ಬಾವಿ ಮತ್ತು ಒಂದು ಮೋಟಾರ್ ಸೈಕಲ್ಲು.

ಮೋಟಾರ್ ಸೈಕಲ್ಲು ಹಳೆಯದು, ಪರದೇಶದ್ದು, ಎಮ್ಮೆಯಷ್ಟು ಭಾರ. ಯಾರೋ ಭಕ್ತ ಬಿಟ್ಟುಹೋಗಿದ್ದ. ಅಡಿವೆಯ್ಯ ಅದರ ಮಗ್ಗುಲಿಗೆ ಒಬ್ಬರು ಮಲಗುವಷ್ಟು ಉದ್ದದ ತೊಟ್ಟಿಯೊಂದನ್ನು ಕಟ್ಟಿಸಿದ್ದರು. ಬಸ್ಸು ಬಾರದ ಆ ಕಡೆಯ ಊರುಗಳಲ್ಲಿ ಯಾರಿಗೆ ಬೇನೆಯಾದರೂ ಅದರಲ್ಲೇ ಮಲಗಿಸಿ ತಾಲ್ಲೂಕಿನ ದವಾಖಾನೆಗೆ ಒಯ್ಯಬೇಕು. ಇಪ್ಪತ್ತೆರಡು ಕಿಲೋಮೀಟರ್ ದಾರಿ.

ಅಲ್ಲಿಗೆ ಒಂದು ದಿನ ಶರಭಣ್ಣ ಎಂಬ ದರ್ಜಿ ಬಂದ. ಮೂವತ್ತೈದರ ಆಳು. ಹೊಳೆಯಾಚೆ ಮೂರು ಹರದಾರಿಯ ಊರಿನವನು. ತಮ್ಮ ರೇವಪ್ಪನ ಜೊತೆ ಅಂಗಡಿ ಇಟ್ಟಿದ್ದ. ಮದುಮಗನ ಕೋಟನ್ನು ತಮ್ಮ ಒಂದು ಇಂಚು ಗಿಡ್ಡ ಕತ್ತರಿಸಿದನೆಂದು ಕಪಾಳಕ್ಕೆ ಹೊಡೆದಿದ್ದ. ತಮ್ಮನ ಎಡಗಿವಿ ಅವತ್ತೇ ಕೇಳದಾಯಿತು.

ಒಂದು ಇಂಚಿಗೆ ಒಂದು ಕಿವಿ.

ಶರಭಣ್ಣ ಗುರುವಿನ ಕಾಲು ಹಿಡಿದು, ನನ್ನೊಳಗಿನ ಸಿಟ್ಟು ತೆಗೆಯಿರಿ, ಅದು ಹೋಗುವ ತನಕ ತಮ್ಮನ ಹೊಸ್ತಿಲು ತುಳಿಯುವುದಿಲ್ಲ ಎಂದ.

ಅಡಿವೆಯ್ಯ ಮೋಟಾರ್ ಸೈಕಲ್ಲಿನ ಕಡೆ ಕೈ ತೋರಿಸಿದರು.

"ಹಿಂದಿನ ಟೈರು ಸವದದ. ಮೊದಲ ಅದನ್ನ ತೆಗಿ."

ಆ ಗಾಡಿಗೆ ಚೈನು ಇರಲಿಲ್ಲ. ಎಂಜಿನ್ನಿನಿಂದ ಹಿಂದಿನ ಚಕ್ರದವರೆಗೆ ಉಕ್ಕಿನ ದಂಡವೊಂದಿತ್ತು. ಶಾಫ್ಟು ಎನ್ನುತ್ತಿದ್ದರು. ಶಾಫ್ಟಿನ ಕೊನೆಯಲ್ಲಿ ಹಲ್ಲು, ಚಕ್ರದ ನಟ್ಟನಡುವಿನ ಗುಂಬದ ಒಳಗೂ ಹಲ್ಲು. ಒಂದರ ಸಂದಿನಲ್ಲಿ ಇನ್ನೊಂದು ಕೂತರೆ ಚಕ್ರ ತಿರುಗುತ್ತದೆ.

ಉಕ್ಕಿಗೆ ಉಕ್ಕು ಉಜ್ಜುವ ಜಾಗ. ನಡುವೆ ಗ್ರೀಸು ಇರಲೇಬೇಕು. ಆದರೆ ಚಕ್ರ ಕೂತ ಮೇಲೆ ಆ ಜಾಗ ಕಣ್ಣಿಗೂ ಬೀಳುವುದಿಲ್ಲ, ಕೈಗೂ ಎಟುಕುವುದಿಲ್ಲ. ಟೈರು ಬದಲಿಸಲು ಚಕ್ರ ಬಿಚ್ಚಿದಾಗಷ್ಟೇ ಅದರ ದರ್ಶನ.

ಅಡಿವೆಯ್ಯ ಪಕ್ಕದಲ್ಲಿ ಕೂತು ಕಲಿಸಿದರು. ಹಳೆಯ ಗ್ರೀಸನ್ನು ಬಟ್ಟೆಯಿಂದ ಒರೆಸು. ಒಂದೊಂದು ಹಲ್ಲೂ ಬೆರಳಿನಿಂದ ಮುಟ್ಟಿ ನೋಡು. ಆಮೇಲೆ ಕುಂಚದಿಂದ ತೆಳ್ಳಗೆ ಹೊಸದು ಹಚ್ಚು. ಕಡಿಮೆಯಾದರೆ ಹಲ್ಲು ಸವೆಯುತ್ತದೆ, ಹೆಚ್ಚಾದರೆ ಸಿಡಿದು ಬ್ರೇಕಿಗೆ ಹೋಗುತ್ತದೆ. ದರ್ಜಿಯ ಕೈ, ಒಂದೇ ಸಲಕ್ಕೆ ಕಲಿಯಿತು.

ಚಕ್ರ ಮುಚ್ಚುವ ಮೊದಲು ಅಡಿವೆಯ್ಯ ಎದ್ದು ದೂರ ನಿಂತು ಕೇಳಿದರು.

"ಹಲ್ಲು ನೋಡಿದೇನು?"

"ನೋಡೀನ್ರಿ."

ಅವರು ಬಗ್ಗಿ ನೋಡಲಿಲ್ಲ. ಮಾಡಿದವನ ಮಾತನ್ನು ನಂಬುವುದು ಆ ಆಶ್ರಮದ ಪದ್ಧತಿ.

ಎರಡು ವರ್ಷ ಶರಭಣ್ಣ ದನಿ ಎತ್ತಲಿಲ್ಲ. ಗಾಡಿ ಒರೆಸಿದ, ರೋಗಿಗಳನ್ನು ಒಯ್ದ, ಹೊಳೆಯಲ್ಲಿ ಮಿಂದು ಧ್ಯಾನಕ್ಕೆ ಕೂತ. ಬಂದವರೆಲ್ಲ ಎಂಥ ಶಾಂತಮೂರ್ತಿ ಎಂದರು. ಅವನಿಗೂ ಹಾಗೇ ಅನಿಸತೊಡಗಿತು.

ಆಗ ತಮ್ಮನ ಕಾಗದ ಬಂತು. ಮಗಳು ಹುಟ್ಟಿದ್ದಾಳೆ, ಬಾ ಎಂದಿತ್ತು. ಸಿಟ್ಟು ಹೋಗಿದೆಯೇ, ಈಗ ಹೋಗಬಹುದೇ ಎಂದು ಶರಭಣ್ಣ ಗುರುವನ್ನು ಕೇಳಿದ. ಅದು ನಿನಗೇ ಗೊತ್ತಿರಬೇಕು ಎಂದರು ಅಡಿವೆಯ್ಯ. ಇನ್ನೊಂದು ಸ್ವಲ್ಪ ದಿನ ನೋಡೋಣ ಎಂದು ಅವನು ಕಾಗದವನ್ನು ಜೇಬಿಗೆ ಹಾಕಿಕೊಂಡ.

ಆ ಬೇಸಿಗೆಯಲ್ಲಿ ಎರಡನೇ ಟೈರು ಸವೆಯಿತು.

ಬೆಳಿಗ್ಗೆ ಶರಭಣ್ಣ ಚಕ್ರ ಬಿಚ್ಚಿದ, ಹಲ್ಲು ಒರೆಸಿದ, ಗ್ರೀಸಿನ ಡಬ್ಬಿ ತೆರೆದ. ಡಬ್ಬಿ ಖಾಲಿ.

ಅಡುಗೆಯ ಮಾಳಪ್ಪ ಅದನ್ನಷ್ಟೂ ಬಾವಿಯ ರಾಟೆಗೆ ಮೆತ್ತಿದ್ದ. ರಾಟೆ ದಿನಾ ಕಿರ್ರೋ ಎನ್ನುತ್ತಿತ್ತು, ಇವತ್ತು ನೋಡು ಹೇಗೆ ಸುಮ್ಮನಾಗಿದೆ ಎಂದು ಹಲ್ಲು ಕಿರಿದ. ಪಾಪ, ಒಳ್ಳೆಯ ಕೆಲಸ ಮಾಡಿದೆನೆಂದೇ ಅವನು ತಿಳಿದಿದ್ದ.

ಎರಡು ವರ್ಷದ ಶಾಂತಮೂರ್ತಿ ಎಲ್ಲಿಗೆ ಹೋಯಿತೋ. ಶರಭಣ್ಣ ಅವನ ಎದೆಗೆ ಕೈಹಾಕಿ ನೂಕಿದ. ಮಾಳಪ್ಪ ಹಿಟ್ಟಿನ ಬುಟ್ಟಿಯ ಮೇಲೆ ಬಿದ್ದ. ಜೋಳದ ಹಿಟ್ಟೆಲ್ಲ ಮಣ್ಣುಪಾಲಾಯಿತು. ಖಾಲಿ ಡಬ್ಬಿ ಹೊಳೆ ಸೇರಿತು.

ರಾಟೆಯಿಂದಲೇ ಒಂದು ಬೆರಳಷ್ಟು ಕೆರೆದು ತರಬಹುದಿತ್ತು. ಅಷ್ಟು ಸಾಕಿತ್ತು. ಆದರೆ ರಾಟೆ ಇದ್ದದ್ದು ಅಡುಗೆಮನೆಯ ಮುಂದೆ, ಅಲ್ಲಿ ಹಿಟ್ಟು ಬಳಿಯುತ್ತ ಮಾಳಪ್ಪ ಕೂತಿದ್ದ. ಅವನ ಮುಂದೆ ಹೋಗಿ ಕೇಳಬೇಕಲ್ಲ. ಈ ಮನುಷ್ಯ ಹೋಗಲಿಲ್ಲ. ಒಣ ಹಲ್ಲಿನ ಮೇಲೇ ಚಕ್ರ ಕೂರಿಸಿದ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಅಡಿವೆಯ್ಯ ದೂರ ನಿಂತು ಕೇಳಿದರು.

"ಹಲ್ಲು ನೋಡಿದೇನು?"

"ನೋಡೀನ್ರಿ."

ಅವರು ಈ ಸಲವೂ ಬಗ್ಗಿ ನೋಡಲಿಲ್ಲ. ಇಬ್ಬರೂ ಊಟಕ್ಕೆ ಕೂತರು.

ಏಳು ತಿಂಗಳು ಏನೂ ಆಗಲಿಲ್ಲ. ಗಾಡಿ ಓಡಿತು. ಹದಿನಾಲ್ಕು ಮಂದಿ ರೋಗಿಗಳು ದವಾಖಾನೆ ಮುಟ್ಟಿದರು. ಶರಭಣ್ಣ ಮತ್ತೆ ಧ್ಯಾನಕ್ಕೆ ಕೂತ. ಮಗು ಅಂಬೆಗಾಲಿಡುತ್ತಿದೆ, ಬಾ ಎಂದು ತಮ್ಮನ ಎರಡನೇ ಕಾಗದ ಬಂತು. ಅದೂ ಜೇಬಿಗೇ ಹೋಯಿತು.

ಒಂದು ಮಧ್ಯಾಹ್ನ ಮಾಳಪ್ಪ ಕಟ್ಟಿಗೆಯ ರಾಶಿಗೆ ಕೈಹಾಕಿದ. ಮಂಡಲದ ಹಾವು ಬಲಗೈಯ ಬೆರಳಿಗೆ ಕಚ್ಚಿತು.

ಶರಭಣ್ಣ ಅವನನ್ನು ತೊಟ್ಟಿಯಲ್ಲಿ ಮಲಗಿಸಿಕೊಂಡು ಹೊರಟ. ಒಂಬತ್ತು ಕಿಲೋಮೀಟರ್ ಹೋದ ಮೇಲೆ ಹಿಂದಿನಿಂದ ಕಡಕಡ ಎಂದು ಸದ್ದಾಯಿತು. ಎಂಜಿನ್ನು ಅರಚುತ್ತಿತ್ತು, ಗಾಡಿ ಮಾತ್ರ ನಿಧಾನವಾಗಿ ನಿಂತುಬಿಟ್ಟಿತು. ಗೇರು ಹಾಕಿದರೂ ಚಕ್ರ ತಿರುಗಲಿಲ್ಲ.

ಕೈಯ ಬಾವು ಮೊಣಕೈವರೆಗೆ ಏರಿತ್ತು. ಮಾಳಪ್ಪ ಕಣ್ಣು ತೆರೆದ.

"ಯಾಕ ನಿಂತದ?"

ಶರಭಣ್ಣನಿಗೆ ಆ ಕ್ಷಣವೇ ಗೊತ್ತಾಗಿತ್ತು. ಅವನನ್ನು ಬೆನ್ನಿಗೆ ಹಾಕಿಕೊಂಡು ನಡೆದ. ಬಿಸಿಲಿಗೆ ಬೈದ, ಗಾಡಿಗೆ ಬೈದ, ಕೊನೆಗೆ ತನ್ನನ್ನೇ ಬೈದುಕೊಂಡ. ಮರಳಿನ ಟ್ರ್ಯಾಕ್ಟರ್ ಒಂದು ಬರುವಷ್ಟರಲ್ಲಿ ಒಂದು ತಾಸು ಕಳೆದಿತ್ತು.

ಮಾಳಪ್ಪ ಬದುಕಿದ. ಎರಡು ಬೆರಳು ಕೊಳೆತವು, ಕತ್ತರಿಸಿದರು. ಒಂದು ತಾಸು ಮೊದಲು ತಂದಿದ್ದರೆ ಬೆರಳು ಉಳಿಯುತ್ತಿದ್ದವೇನೋ ಎಂದು ಡಾಕ್ಟರು ಹೇಳಿದರು.

ಮರುದಿನ ಎತ್ತಿನ ಗಾಡಿಗೆ ಕಟ್ಟಿ ಮೋಟಾರ್ ಸೈಕಲ್ಲನ್ನು ಎಳೆದು ತಂದರು. ಶರಭಣ್ಣ ಚಕ್ರ ಬಿಚ್ಚಿದ. ಹಲ್ಲುಗಳೇ ಇರಲಿಲ್ಲ. ಒಣ ಉಕ್ಕು ಉಜ್ಜಿ ಉಜ್ಜಿ ಕುಂಕುಮದಂಥ ಕೆಂಪು ಪುಡಿಯಾಗಿತ್ತು. ಅದನ್ನು ಮುಷ್ಟಿಯಲ್ಲಿ ಹಿಡಿದು ಬೇವಿನ ಮರದ ಕೆಳಗೆ ಕೂತಿದ್ದ ಗುರುವಿನ ಮುಂದೆ ಬಂದು ನಿಂತ.

"ಅವತ್ತು ಸುಳ್ಳು ಹೇಳಿದೆರಿ. ನಾ ಗ್ರೀಸ್ ಹಚ್ಚಿದ್ದಿಲ್ಲ."

"ಗೊತ್ತದ."

"ಯಾವಾಗ ಗೊತ್ತಾಯ್ತು?"

"ಅವತ್ತೇ. ಊಟಕ್ಕ ಕುಂತಾಗ ನಿನ್ನ ಕೈ ಸ್ವಚ್ಛ ಇದ್ದವು. ಹೊಸ ಗ್ರೀಸ್ ಎಷ್ಟು ತೊಳದ್ರೂ ಉಗುರಿನ್ಯಾಗ ಉಳೀತದ."

ಶರಭಣ್ಣ ಆ ಕೆಂಪು ಪುಡಿಯನ್ನು ಗುರುವಿನ ಎದೆಗೆ ಎಸೆದ.

"ನನಗ ಪಾಠ ಕಲಿಸಲಿಕ್ಕೆ ಅವನ ಬೆರಳು ಬೇಕಾಗಿದ್ದವೇನು?"

ಈ ಕಥೆ ಹೇಳುವವರು ಇಲ್ಲಿ ಗುರುವಿನ ಮುಖದ ಮೇಲೆ ಒಂದು ಮಂದಹಾಸ ತಂದು ಕೂರಿಸುತ್ತಾರೆ. ಸುಳ್ಳು. ಅಡಿವೆಯ್ಯನ ಮುಖದಲ್ಲಿ ನಗು ಇರಲಿಲ್ಲ. ಮತ್ತು ಶರಭಣ್ಣನ ಜಾಗದಲ್ಲಿ ನಾನಿದ್ದರೂ ಎಸೆಯುತ್ತಿದ್ದೆ.

ಅಡಿವೆಯ್ಯ ಬಿಳಿ ಅಂಗಿಯ ಮೇಲಿನ ಪುಡಿಯನ್ನು ಝಾಡಿಸಲಿಲ್ಲ.

"ಪಾಠ ಅಲ್ಲ. ಅವತ್ತು ನೀ ಅವನ್ನ ನೂಕಿದ್ದು ನೋಡಿದೆ. ನನಗೂ ನಿನ್ನ ಮ್ಯಾಲ ಸಿಟ್ಟು ಬಂತು. ತಾನೇ ಬಂದು ಹೇಳಲಿ, ನಾ ಯಾಕ ಕೇಳಲಿ ಅಂತ ಕುಂತೆ."

"ಏಳು ತಿಂಗಳು?"

"ಏಳು ತಿಂಗಳು. ನಿನ್ನ ಸಿಟ್ಟು ಮಂದಿಗಿ ಕಾಣ್ತದ. ನಂದು ಕಾಣಂಗಿಲ್ಲ. ಇಷ್ಟೇ ಫರಕು."

ಶರಭಣ್ಣನಿಗೆ ಗುರುವನ್ನು ಬಿಟ್ಟು ಹೋಗಿಬಿಡಬೇಕು ಅನಿಸಿತು. ಆದರೆ ತಮ್ಮನ ಊರು ಬಿಟ್ಟರೆ ಹೋಗಲು ಬೇರೆ ಊರು ಇರಲಿಲ್ಲ.

ಹನ್ನೊಂದನೇ ದಿನ ಮಾಳಪ್ಪ ಬಂದ. ಗುರು ಶಿಷ್ಯ ಇಬ್ಬರೂ ಅಡುಗೆಮನೆಯ ಬಾಗಿಲಲ್ಲಿ ನಿಂತು ನಡೆದದ್ದನ್ನೆಲ್ಲ ಹೇಳಿದರು. ಮೊದಲು ಶಿಷ್ಯ, ಆಮೇಲೆ ಗುರು. ಅವನು ಬಟ್ಟೆ ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೇಳಿದ. ಆಮೇಲೆ ಒಲೆ ಹಚ್ಚಿದ.

ಮಾಳಪ್ಪನ ರೊಟ್ಟಿ ಆ ಸೀಮೆಗೆಲ್ಲ ಹೆಸರಾಗಿತ್ತು. ಕಾಗದದಷ್ಟು ತೆಳ್ಳಗೆ ತಟ್ಟುತ್ತಿದ್ದ. ಅವತ್ತು ಎಡಗೈಯಲ್ಲಿ ತಟ್ಟಿದ. ಒಂದು ಮಗ್ಗುಲು ದಪ್ಪ, ಇನ್ನೊಂದು ಮಗ್ಗುಲು ಹರಿದು ಹೋಗಿತ್ತು. ಒಂದಾದರೂ ಗುಂಡಗೆ ಬರಲಿಲ್ಲ. ಇಬ್ಬರ ತಟ್ಟೆಗೂ ಹಾಕಿ ಎದುರಿಗೇ ನಿಂತ.

ಶರಭಣ್ಣ ಬಾಯಿ ತೆರೆಯುವಷ್ಟರಲ್ಲಿ ಅವನೇ ತಡೆದ.

"ಮಾಫಿ ಕೇಳಬ್ಯಾಡ್ರಿ. ಕೇಳಿದ್ರ ನಾ ಕೊಡಬೇಕಾಗ್ತದ. ನನಗ ಇನ್ನಾ ಸಿಟ್ಟದ. ತಿನ್ರಿ."

ಅವರು ತಿಂದರು. ಅವನು ಕೊನೆಯ ತುತ್ತಿನ ತನಕ ನೋಡುತ್ತ ನಿಂತಿದ್ದ.

ದಿನಾ ಹೀಗೇ ನಡೆಯಿತು. ಮಾಳಪ್ಪ ಆಶ್ರಮ ಬಿಟ್ಟು ಹೋಗಲಿಲ್ಲ. ಹೊಸ ಗ್ರೀಸಿನ ಡಬ್ಬಿ ಬಂದಾಗ ಅದನ್ನು ಎತ್ತಿಕೊಂಡು ಹೋಗಿ ಉಪ್ಪಿನ ಗಡಿಗೆಯ ಪಕ್ಕದಲ್ಲಿಟ್ಟುಕೊಂಡ. ಬೇಕಾದವರು ನನ್ನನ್ನು ಕೇಳಿ ಒಯ್ಯಲಿ ಎಂದ.

ತಿಂಗಳ ಮೇಲೆ ಭಕ್ತನೊಬ್ಬ ಗುಜರಿಯಲ್ಲಿ ಅದೇ ಜಾತಿಯ ಗಾಡಿಯ ಶಾಫ್ಟು, ಗುಂಬ ಎರಡನ್ನೂ ಹುಡುಕಿ ತಂದ. ಅವೂ ಹಳೆಯವೇ. ಹಲ್ಲು ಮಾತ್ರ ಗಟ್ಟಿ ಇದ್ದವು.

ಬೆಳಿಗ್ಗೆ ಶರಭಣ್ಣ ಅಡುಗೆಮನೆಗೆ ಹೋದ. ಹೊಸ್ತಿಲಲ್ಲಿ ತುಸು ಹೊತ್ತು ನಿಂತ. ಎಂಟು ತಿಂಗಳ ಹಿಂದೆ ನಡೆಯಬೇಕಿದ್ದದ್ದು ಅದೇ ಹತ್ತು ಹೆಜ್ಜೆ.

"ಮಾಳಪ್ಪ, ಗ್ರೀಸ್ ಬೇಕಾಗ್ಯದ."

ಮಾಳಪ್ಪ ಮೂರು ಬೆರಳಿನ ಕೈಯಲ್ಲೇ ಡಬ್ಬಿ ಎತ್ತಿ ಕೊಟ್ಟ. ಮುಖ ನೋಡಲಿಲ್ಲ. ಆದರೆ ಹಿಂದೆಯೇ ಬಂದು ಬೇವಿನ ಬುಡದಲ್ಲಿ ಕುಕ್ಕುರುಗಾಲಿನಲ್ಲಿ ಕೂತ.

ಶರಭಣ್ಣ ಕುಂಚ ಅದ್ದಿದ. ಜೇಬಿನಲ್ಲಿ ಮೂರನೇ ಕಾಗದವಿತ್ತು. ಮಗಳು ನಡೆಯುತ್ತಿದ್ದಾಳೆ, ಬಾ. ಅವನು ಕುಂಚವನ್ನು ಹಾಗೇ ಹಿಡಿದುಕೊಂಡು ಗುರುವಿನ ಕಡೆ ತಿರುಗಿದ.

"ತಮ್ಮಗ ಬರೆದುಬಿಡ್ರಿ. ನಾ ಬರಂಗಿಲ್ಲ ಅಂತ. ಮೂರು ವರ್ಷ ಆಯ್ತು, ನನ್ನ ಸಿಟ್ಟು ಎಲ್ಲೂ ಹೋಗಿಲ್ಲ. ಹಂಗೇ ಅದ. ಈ ಮಾರಿ ತಗೊಂಡು ಹ್ಯಾಂಗ ಹೋಗ್ಲಿ?"

ಅಡಿವೆಯ್ಯ ಹತ್ತಿರ ಬಂದರು.

"ಚಕ್ರ ಹಾಕಿದ ಮ್ಯಾಲ ಈ ಹಲ್ಲು ಕಾಣ್ತಾವೇನು?"

"ಇಲ್ರಿ."

"ಎರಡು ವರ್ಷ ನೀ ಸುಮ್ಮ ಇದ್ದಿ. ಆವಾಗ ನಿನ್ನೊಳಗಿನ ಸಿಟ್ಟಿನ ಹಲ್ಲು ಕಂಡಿದ್ವೇನು?"

ಶರಭಣ್ಣ ತಲೆ ತಗ್ಗಿಸಿ ಕೇಳಿದ.

"ತಮ್ಮಗೂ ಸಿಟ್ಟಿದ್ರ? ಬಾಗಿಲಾ ತೆಗೀಲಿಲ್ಲಂದ್ರ?"

"ಮಾಳಪ್ಪ ಸಿಟ್ಟಿನ್ಯಾಗೇ ಹಾಕಿದ ರೊಟ್ಟಿ ದಿನಾ ತಿಂದೀಯಲ್ಲ."

ಮಾಳಪ್ಪ ಕತ್ತು ಆಚೆ ತಿರುಗಿಸಿದ. ಎದ್ದು ಮಾತ್ರ ಹೋಗಲಿಲ್ಲ.

ಅಡಿವೆಯ್ಯ ಶಿಷ್ಯನ ಕೈಯಿಂದ ಕುಂಚ ಕಿತ್ತುಕೊಂಡರು. ಹಲ್ಲು ನೋಡಿದೆಯಾ ಎಂದು ದೂರದಿಂದಲೇ ಕೇಳುತ್ತಿದ್ದ ಮನುಷ್ಯ ಅವತ್ತು ಮಣ್ಣಿನಲ್ಲೇ ಕೂತು ಅಂಗಿಯ ತೋಳು ಮಡಚಿದರು.

"ಇದಕ್ಕ ನಾ ಹಚ್ತೀನಿ, ಮಾಳಪ್ಪ ಬಗ್ಗಿ ನೋಡ್ತಾನ. ನಿನ್ನ ಒಳಗಿನ ಚಕ್ರ ಈಗ ಬಿಚ್ಚೇ ಅದ. ಅದು ಮತ್ತ ಮುಚ್ಚೂದ್ರಾಗ ತಮ್ಮನ ಮನಿ ಮುಟ್ಟು."